ಅಲೋಯಿಸ್ ಅಲ್ಝೈಮರ್: ಮರೆವಿನ ಕಾಯಿಲೆಗೆ ಹೆಸರಾದ ವೈದ್ಯ, ಅವರಿಗೆ ಕಾಣದೇ ಉಳಿದ ಮೆದುಳಿನ ಗದ್ದಲ

ಅರವತ್ತಕ್ಕೆ ಅರಳು ಮರಳು ಎನ್ನುವುದು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತು. ವಯಸ್ಸಾದ ಮೇಲೆ ಬುದ್ಧಿ ಮಸುಕಾಗುವುದು ಸಹಜ ಎಂದು ನೂರಿಪ್ಪತ್ತು ವರ್ಷಗಳ ಹಿಂದೆ ಜರ್ಮನಿಯಲ್ಲೂ ನಂಬಿದ್ದರು. ಆದರೆ 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ದಾಖಲಾದ ಆಗುಸ್ಟೆ ಡೇಟರ್ ಎಂಬ ಗೃಹಿಣಿಗೆ ಆಗಿದ್ದುದು 51 ವರ್ಷ ಮಾತ್ರ. ಮುಪ್ಪಿನ ಲೆಕ್ಕಕ್ಕೆ ಸಿಗದ ಆ ಮರೆವಿನ ಬೆನ್ನು ಹತ್ತಿದವರು ಡಾ. ಅಲೋಯಿಸ್ ಅಲ್ಝೈಮರ್.

1864ರ ಜೂನ್ 14ರಂದು ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅಲ್ಝೈಮರ್, ಬರ್ಲಿನ್, ಟ್ಯೂಬಿಂಗೆನ್ ಮತ್ತು ವ್ಯುರ್ಟ್ಸ್‌ಬರ್ಗ್‌ನಲ್ಲಿ ವೈದ್ಯಕೀಯ ಓದಿದರು. 1887ರಲ್ಲಿ ಡಾಕ್ಟರೇಟ್‌ಗಾಗಿ ಬರೆದ ಪ್ರಬಂಧದ ವಿಷಯ ಕಿವಿಯ ಗುಗ್ಗೆ ಸ್ರವಿಸುವ ಗ್ರಂಥಿಗಳು. ಮರುವರ್ಷ ಫ್ರಾಂಕ್‌ಫರ್ಟ್ ಆಸ್ಪತ್ರೆ ಸೇರಿದರು. ನರಕೋಶಗಳಿಗೆ ಬಣ್ಣ ಹಾಕಿ ನೋಡುವ ವಿಧಾನದಿಂದ ಹೆಸರಾದ ಫ್ರಾಂಜ್ ನಿಸ್ಲ್ ಅಲ್ಲಿ ಅವರ ಸಹೋದ್ಯೋಗಿಯಾದರು. ಹಗಲು ರೋಗಿಗಳ ಆರೈಕೆ, ಉಳಿದ ಸಮಯವೆಲ್ಲ ಸೂಕ್ಷ್ಮದರ್ಶಕದ ಮುಂದೆ. ಇದು ಇಬ್ಬರ ದಿನಚರಿಯಾಗಿತ್ತು.

1901ರ ಫೆಬ್ರವರಿಯಲ್ಲಿ ಪತ್ನಿ ಸೆಸಿಲಿ ತೀರಿಕೊಂಡರು. ಮೂವರು ಮಕ್ಕಳ ಜವಾಬ್ದಾರಿಯನ್ನು ತಂಗಿಗೆ ವಹಿಸಿ ಅಲ್ಝೈಮರ್ ಕೆಲಸದಲ್ಲಿ ಮುಳುಗಿದರು. ಆಗುಸ್ಟೆ ಆಸ್ಪತ್ರೆಗೆ ಬಂದದ್ದು ಅದೇ ವರ್ಷ. ಮೊದಲು ಗಂಡನ ಮೇಲೆ ವಿನಾಕಾರಣ ಸಂಶಯ, ಆಮೇಲೆ ಮರೆವು, ಸಾಮಾನುಗಳನ್ನು ಬಚ್ಚಿಡುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಕಿರುಚುವುದು. ಅಲ್ಝೈಮರ್ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದುಕೊಂಡರು. ಗಂಡನ ಹೆಸರು ಕೇಳಿದರೆ ಆಕೆ ತನ್ನದೇ ಹೆಸರು ಹೇಳಿದರು. ಪೆನ್ಸಿಲ್, ಕೀಲಿಕೈ ತೋರಿಸಿದಾಗ ಸರಿಯಾಗಿ ಗುರುತಿಸಿದರೂ, ಸ್ವಲ್ಪ ಹೊತ್ತಿನಲ್ಲೇ ಏನು ನೋಡಿದೆ ಎಂಬುದೇ ನೆನಪಿರಲಿಲ್ಲ. ಸಹಿ ಹಾಕಲು ಹೊರಟರೆ ಶ್ರೀಮತಿ ಎಂಬಲ್ಲಿಗೇ ಕೈ ನಿಲ್ಲುತ್ತಿತ್ತು.

1903ರಲ್ಲಿ ಅಲ್ಝೈಮರ್ ಫ್ರಾಂಕ್‌ಫರ್ಟ್ ಬಿಟ್ಟು, ಮನೋವೈದ್ಯ ಎಮಿಲ್ ಕ್ರೇಪೆಲಿನ್ ಜೊತೆ ಮೊದಲು ಹೈಡೆಲ್‌ಬರ್ಗ್, ನಂತರ ಮ್ಯೂನಿಕ್ ಸೇರಿದರು. ಆದರೂ ಆಗುಸ್ಟೆಯನ್ನು ಮರೆಯಲಿಲ್ಲ. ಖರ್ಚು ಭರಿಸಲಾಗದೆ ಆಕೆಯನ್ನು ಅಗ್ಗದ ಆಸ್ಪತ್ರೆಗೆ ಸಾಗಿಸಲು ಪತಿ ಬಯಸಿದಾಗ ಅದನ್ನು ತಡೆದರು. ಇದು ಕಾಳಜಿಯೂ ಹೌದು, ಸಂಶೋಧಕನ ಸ್ವಾರ್ಥವೂ ಹೌದು. 1906ರ ಏಪ್ರಿಲ್ 8ರಂದು ಆಕೆ ತೀರಿಕೊಂಡಾಗ ದಾಖಲೆಗಳೂ ಮೆದುಳೂ ಮ್ಯೂನಿಕ್‌ಗೆ ಬಂದವು.

ಮೆದುಳು ಸೊರಗಿಹೋಗಿತ್ತು. ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ನೋಡಿದಾಗ ನರಕೋಶಗಳ ಒಳಗೆ ಗಂಟುಬಿದ್ದ ಎಳೆಗಳು, ಹೊರಗೆ ಅಲ್ಲಲ್ಲಿ ಕೂಡಿಕೊಂಡ ಗಸಿಯಂಥ ಗುಪ್ಪೆಗಳು ಕಂಡವು. 1906ರ ನವೆಂಬರ್ 3ರಂದು ಟ್ಯೂಬಿಂಗೆನ್‌ನ ವೈದ್ಯರ ಸಭೆಯಲ್ಲಿ ಅಲ್ಝೈಮರ್ ಇದನ್ನು ಮಂಡಿಸಿದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ಟರು.

ಮ್ಯೂನಿಕ್‌ನ ಅವರ ಪ್ರಯೋಗಾಲಯಕ್ಕೆ ದೇಶವಿದೇಶದ ವಿದ್ಯಾರ್ಥಿಗಳು ಬರುತ್ತಿದ್ದರು. ಒಬ್ಬೊಬ್ಬರ ಪಕ್ಕ ಕುಳಿತು ವಿವರಿಸುತ್ತಿದ್ದ ಗುರುಗಳು ಸೇದುತ್ತಿದ್ದ ಚುಟ್ಟವನ್ನು ಅಲ್ಲೇ ಮರೆತು ಹೋಗುತ್ತಿದ್ದರಂತೆ. ಸಂಜೆಯ ಹೊತ್ತಿಗೆ ಪ್ರತಿ ಸೂಕ್ಷ್ಮದರ್ಶಕದ ಬಳಿ ಒಂದೊಂದು ಚುಟ್ಟದ ತುಂಡು ಉಳಿದಿರುತ್ತಿತ್ತು ಎನ್ನುತ್ತಾರೆ.

ಅಲ್ಝೈಮರ್ ನೋಡಿದ್ದು ಸತ್ತ ಮೆದುಳನ್ನು. ಬದುಕಿರುವಾಗ ಅದರೊಳಗೆ ಏನು ನಡೆಯುತ್ತಿತ್ತು ಎಂದು ತಿಳಿಯಲು ಅವರ ಬಳಿ ಸಾಧನವಿರಲಿಲ್ಲ. ಸುಮಾರು ನೂರು ವರ್ಷಗಳ ನಂತರ, 2008ರಲ್ಲಿ, ಅದೇ ಮ್ಯೂನಿಕ್‌ನ ವಿಜ್ಞಾನಿಗಳು ಇಲಿಗಳ ಮೆದುಳಿನಲ್ಲಿ ಅಚ್ಚರಿಯೊಂದನ್ನು ಕಂಡರು. ಗಸಿಯ ಗುಪ್ಪೆಗಳ ಹತ್ತಿರದ ಹಲವು ನರಕೋಶಗಳು ಸುಮ್ಮನಾಗಿರಲಿಲ್ಲ, ಅತಿಯಾಗಿ ಚಟುವಟಿಕೆಯಿಂದಿದ್ದವು. ಮೆದುಳಿನಲ್ಲಿ ಪ್ರಚೋದಿಸುವ ಕೋಶಗಳಿರುವಂತೆ ಅವಕ್ಕೆ ಬ್ರೇಕ್ ಹಾಕುವ ಪ್ರತಿಬಂಧಕ ಕೋಶಗಳೂ ಇವೆ. ಆ ಬ್ರೇಕ್ ಸಡಿಲವಾದರೆ ಗದ್ದಲ ಹೆಚ್ಚುತ್ತದೆ, ನೆನಪು ಕೂಡಿಡಲು ಬೇಕಾದ ಲಯ ತಪ್ಪುತ್ತದೆ.

ಹಾಗಾದರೆ ಬ್ರೇಕ್ ಹಾಕುವ ಕೋಶಗಳನ್ನೇ ಪ್ರಚೋದಿಸಿದರೆ? 2016ರಲ್ಲಿ ಅಮೆರಿಕದ ಎಂಐಟಿಯ ಲಿ-ಹುವೆ ತ್ಸಾಯ್ ಅವರ ತಂಡ ಇಲಿಗಳಲ್ಲಿ ಇದನ್ನು ಮಾಡಿನೋಡಿತು. ಪ್ರತಿಬಂಧಕ ಕೋಶಗಳ ಒಂದು ಬಗೆಯನ್ನು ಸೆಕೆಂಡಿಗೆ 40 ಬಾರಿ ಪ್ರಚೋದಿಸಿದಾಗ ಗಸಿಯಾಗಿ ಕೂಡುವ ಅಮಿಲಾಯ್ಡ್ ಪ್ರೋಟೀನ್ ಕಡಿಮೆಯಾಯಿತು. ಅದೇ ವೇಗದಲ್ಲಿ ಮಿನುಗುವ ದೀಪ ತೋರಿಸಿದಾಗಲೂ ಇಳಿಕೆ ಕಂಡಿತು. ಆದರೆ ದೀಪದ ಪ್ರಯೋಗವನ್ನು ಮತ್ತೆ ಮಾಡಿದ ಇನ್ನೊಂದು ತಂಡಕ್ಕೆ ಆ ಫಲ ಸಿಗಲಿಲ್ಲ ಎಂದು 2023ರಲ್ಲಿ ವರದಿಯಾಯಿತು. ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. ಆದರೆ ಇಲಿಗೆ ಒಗ್ಗಿದ್ದು ಮನುಷ್ಯರಿಗೂ ಒಗ್ಗಬೇಕೆಂದಿಲ್ಲ. ಸದ್ಯಕ್ಕೆ ಇದು ಭರವಸೆಯೇ ಹೊರತು ಮನೆಯಲ್ಲಿ ದೀಪ ಮಿನುಗಿಸಿ ಮಾಡಿಕೊಳ್ಳುವ ಚಿಕಿತ್ಸೆಯಲ್ಲ.

ಅಲ್ಝೈಮರ್ 1912ರಲ್ಲಿ ಬ್ರೆಸ್ಲಾವ್, ಅಂದರೆ ಇಂದಿನ ಪೋಲೆಂಡ್‌ನ ವ್ರೊಕ್ಲಾವ್‌ನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಗೆ ಹೊರಟ ಪ್ರಯಾಣದಲ್ಲೇ ಕಾಯಿಲೆ ಬಿದ್ದವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೆ 51 ವರ್ಷ, ಆಗುಸ್ಟೆ ಆಸ್ಪತ್ರೆಗೆ ಬಂದಾಗ ಇದ್ದಷ್ಟೇ ವಯಸ್ಸು. ಫ್ರಾಂಕ್‌ಫರ್ಟ್‌ನಲ್ಲಿ ಪತ್ನಿಯ ಪಕ್ಕದಲ್ಲೇ ಅವರ ಸಮಾಧಿಯಿದೆ.

ಕಳೆದುಹೋಗಿದೆ ಎಂದುಕೊಂಡಿದ್ದ ಆಗುಸ್ಟೆಯ ಕಡತ 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸಿಕ್ಕಿತು. ಅಲ್ಝೈಮರ್ ಕೈಬರಹದ ಪ್ರಶ್ನೋತ್ತರಗಳು ಹಾಗೇ ಇದ್ದವು. ಆಕೆಗೆ ಕೊಡಲು ಅವರ ಬಳಿ ಮದ್ದಿರಲಿಲ್ಲ. ಆದರೆ ಅರಳು ಮರಳು ಎಂದು ಕೈಚೆಲ್ಲದೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡಿದ್ದರು. ಮರೆವಿನ ಮದ್ದಿನ ಹುಡುಕಾಟ ಶುರುವಾದದ್ದು ಅಲ್ಲಿಂದ.