ಸುರಪುರದ ಟೇಲರ್: ಕೆರೆ ಉಳೀತು, ರಾಜ್ಯ ಹೋಯ್ತು

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಹದಿಹರೆಯದಲ್ಲೇ ಮುಂಬೈಗೆ ಬಂದ. ನೆಚ್ಚಿದ್ದ ವ್ಯಾಪಾರ ಕೈಕೊಟ್ಟಿತು. 1824ರಲ್ಲಿ ನಿಜಾಮನ ಸೇವೆಗೆ ಸೇರಿದ. ಕಾಲೇಜು ಮೆಟ್ಟಿಲು ಹತ್ತಿರಲಿಲ್ಲ. ಭಾಷೆ, ಕಾನೂನು, ಭೂಮಾಪನ, ಎಂಜಿನಿಯರಿಂಗ್ ಎಲ್ಲವನ್ನೂ ಕೆಲಸ ಮಾಡ್ತಾನೇ ಕಲಿತ.

1840ರ ದಶಕದಲ್ಲಿ ಸುರಪುರದ ಅರಸ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಆಡಳಿತ ಟೇಲರ್ ಕೈಗೆ ಬಂತು. ಊರಿನ ಗುಡ್ಡದ ಮೇಲೆ ಮನೆ ಕಟ್ಟಿಸಿದ. ಅದೇ ಇವತ್ತಿನ ಟೇಲರ್ ಮಂಜಿಲ್. ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದ. ಸುತ್ತಲಿನ ಬೃಹತ್ ಶಿಲಾಗೋರಿಗಳನ್ನು ಅಳೆದು, ಚಿತ್ರ ಬರೆದು ದಾಖಲಿಸಿದ. ಬಾಲಕ ಅರಸ ಅವನನ್ನು ಅಪ್ಪ ಅಂತಲೇ ಕರೀತಿದ್ದ.

ಆದರೆ ನೆಲವನ್ನು ಅಳೆಯೋದು ಬರೀ ಪ್ರೀತಿಯ ಕೆಲಸ ಅಲ್ಲ. ಅಳತೆಯ ಹಿಂದೆಯೇ ಕಂದಾಯ, ಅಧಿಕಾರ ಬರುತ್ತವೆ. ಟೇಲರ್ 1853ರಲ್ಲಿ ಸುರಪುರ ಬಿಟ್ಟ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದು, ಸೆರೆಸಿಕ್ಕಿ, ಗುಂಡೇಟಿನಿಂದ ಸತ್ತ. ಸಂಸ್ಥಾನವನ್ನು ಬ್ರಿಟಿಷರು ಕಿತ್ತುಕೊಂಡು ನಿಜಾಮನಿಗೆ ಕೊಟ್ಟರು. ಸಾಕಿದವನು ಯಾರ ಆಳಾಗಿದ್ದ ಅನ್ನೋದು ಆಗ ಸ್ಪಷ್ಟವಾಯ್ತು. ಟೇಲರ್ 1860ರಲ್ಲಿ ತವರಿಗೆ ಮರಳಿ, ಕಾದಂಬರಿಗಳನ್ನು ಬರೆದು, 1876ರಲ್ಲಿ ತೀರಿಕೊಂಡ.

ಬೋನಾಳ ಈಗ ಪಕ್ಷಿಧಾಮ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಕೆರೆ, ಕಾಡು, ಜಲಾನಯನದ ಕೆಲಸಕ್ಕೆ ಈ ನೆಲ ಗೊತ್ತಿರೋ ಜನ ಬೇಕು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಮೀಸಲಾತಿಯೂ ಇದೆ. ಟೇಲರ್‌ನಿಂದ ನಡೆದಾಡಿ ಕಲಿಯೋದನ್ನ ಕಲಿಯಿರಿ. ಆದರೆ ಆ ಅಳತೆಪಟ್ಟಿ ಯಾರ ಪರವಾಗಿ ಹಿಡಿದಿದ್ದೀರಿ ಅಂತ ಮೊದಲ ದಿನವೇ ಕೇಳಿಕೊಳ್ಳಿ.