ಉಸಿರಿನ ವಿಷವನ್ನು ಲೆಕ್ಕಕ್ಕೆ ತಂದ ಬ್ರಾಡ್‌ಫರ್ಡ್ ಹಿಲ್

ಅಕ್ಕಿಆಲೂರು: ಕಟ್ಟಿಗೆ ಒಲೆಯ ಹೊಗೆ, ಬೀಡಿಯ ಹೊಗೆ, ಕಲ್ಲು ಒಡೆಯುವಲ್ಲಿ ಏಳುವ ದೂಳು ನಮ್ಮ ಭಾಗದ ಜನರಿಗೆ ಹೊಸತಲ್ಲ. ಆದರೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಒಬ್ಬರು ತೀರಿಕೊಂಡಾಗ, ಅದು ಉಸಿರಿನೊಡನೆ ಒಳಹೊಕ್ಕ ವಸ್ತುವಿನಿಂದಲೇ ಬಂದಿತೇ ಎಂದು ನಿರ್ಣಯಿಸುವುದು ಸುಲಭವಲ್ಲ. ಅದರ ಕ್ರಮವನ್ನು ತೋರಿಕೊಟ್ಟವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಸರ್ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಅವರು ವೈದ್ಯರಾಗಿರಲಿಲ್ಲ ಎಂಬುದು ವಿಶೇಷ.

1897ರ ಜುಲೈ 8ರಂದು ಲಂಡನ್ನಿನಲ್ಲಿ ಜನಿಸಿದ ಹಿಲ್‌ಗೆ ವೈದ್ಯನಾಗುವ ಹಂಬಲವಿತ್ತು. ಮೊದಲ ಮಹಾಯುದ್ಧದಲ್ಲಿ ನೌಕಾದಳದ ವೈಮಾನಿಕರಾಗಿದ್ದಾಗ ಕ್ಷಯರೋಗ ತಗುಲಿ ಆ ಆಸೆ ಕಮರಿತು. ಚೇತರಿಸಿಕೊಳ್ಳುತ್ತಲೇ ಅಂಚೆ ಮೂಲಕ ಅರ್ಥಶಾಸ್ತ್ರ ಅಭ್ಯಸಿಸಿ ಲಂಡನ್ ವಿಶ್ವವಿದ್ಯಾಲಯದ ಪದವಿ ಪಡೆದರು. ಮುಂದೆ ಸಂಖ್ಯಾಶಾಸ್ತ್ರಕ್ಕೆ ಹೊರಳಿದರು.

ದಕ್ಷಿಣ ವೇಲ್ಸ್‌ನ ನಿಕಲ್ ಶುದ್ಧೀಕರಣ ಕಾರ್ಖಾನೆಯ ಕಾರ್ಮಿಕರ ಹತ್ತು ವರ್ಷಗಳ ಮರಣಗಳನ್ನು ಅವರು ಪರಿಶೀಲಿಸಿದರು. ಅದೇ ವಯಸ್ಸಿನ ಸಾಮಾನ್ಯ ಜನರ ಮರಣ ಪ್ರಮಾಣದಂತೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಒಬ್ಬರು ಸಾಯಬಹುದಿತ್ತು; ಸತ್ತವರು 16 ಮಂದಿ. ಮೂಗಿನ ಕ್ಯಾನ್ಸರ್‌ಗೆ ಒಬ್ಬರೂ ಬಲಿಯಾಗಬಾರದಿತ್ತು. 11 ಮಂದಿ ಬಲಿಯಾಗಿದ್ದರು. ದೇಹದ ಉಳಿದ ಭಾಗಗಳ ಕ್ಯಾನ್ಸರ್ ಮಾತ್ರ ನಿರೀಕ್ಷಿತ ಸಂಖ್ಯೆಯಷ್ಟೇ ಇತ್ತು. ಬಡತನವಾಗಲಿ ಆಹಾರವಾಗಲಿ ಕಾರಣವಾಗಿದ್ದರೆ ಉಸಿರಿನ ದಾರಿಯನ್ನೇ ಆರಿಸಿಕೊಂಡು ರೋಗ ಬರುತ್ತಿತ್ತೇ? ಕಾರ್ಖಾನೆಯಲ್ಲಿ 1923ರಲ್ಲಿ ಕೆಲವು ಬದಲಾವಣೆಗಳಾಗಿದ್ದವು. ಆ ಬಳಿಕ ಕೆಲಸಕ್ಕೆ ಸೇರಿದವರಲ್ಲಿ ಮೂಗಿನ ಕ್ಯಾನ್ಸರ್ ಕಂಡುಬಂದಿರಲಿಲ್ಲ. ಯಾವ ವಸ್ತು ಹಂತಕನೆಂದು ತಿಳಿಯುವ ಮೊದಲೇ ಅಪಾಯ ತಗ್ಗಿತ್ತು. ನಿಕಲ್ ಸಂಯುಕ್ತಗಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದ್ದು 1990ರಲ್ಲಿ.

1950ರಲ್ಲಿ ರಿಚರ್ಡ್ ಡಾಲ್ ಅವರೊಡನೆ ಹಿಲ್ ಧೂಮಪಾನದತ್ತ ಬೆರಳು ತೋರಿದರು. ಮರುವರ್ಷ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರ ಸಿಗರೇಟಿನ ಲೆಕ್ಕ ಕೇಳಿದರು. ಸುಮಾರು 40 ಸಾವಿರ ವೈದ್ಯರು ಉತ್ತರಿಸಿದರು. ಸೇದುವ ಪ್ರಮಾಣ ಏರಿದಂತೆ ಶ್ವಾಸಕೋಶದ ಕ್ಯಾನ್ಸರ್‌ನ ಸಾವೂ ಏರುವುದು ಸ್ಪಷ್ಟವಾಯಿತು.

ಕಾರಣವನ್ನು ನಿರ್ಧರಿಸುವಾಗ ಗಮನಿಸಬೇಕಾದ ಒಂಬತ್ತು ಅಂಶಗಳನ್ನು 1965ರ ಉಪನ್ಯಾಸದಲ್ಲಿ ಅವರು ಮುಂದಿಟ್ಟರು. ಇವನ್ನು ಕಟ್ಟುನಿಟ್ಟಿನ ನಿಯಮಗಳೆಂದು ಬಗೆಯಬಾರದೆಂದು ಅವರೇ ಎಚ್ಚರಿಸಿದ್ದರು. ಪುರಾವೆ ಅಪೂರ್ಣವೆಂಬ ನೆಪದಿಂದ ಕ್ರಮವನ್ನು ಮುಂದೂಡುವುದೂ ಅವರಿಗೆ ಒಪ್ಪಿಗೆಯಿರಲಿಲ್ಲ. 1991ರ ಏಪ್ರಿಲ್ 18ರಂದು ತಮ್ಮ 93ನೇ ವಯಸ್ಸಿನಲ್ಲಿ ಹಿಲ್ ನಿಧನರಾದರು.

ಕಟ್ಟಿಗೆ ಒಲೆಯ ಹೊಗೆಯನ್ನು ಅದೇ ಸಂಶೋಧನಾ ಸಂಸ್ಥೆ 2010ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ಪರಿಗಣಿಸಿತು. ಮನೆಯೊಳಗಿನ ಕಲ್ಲಿದ್ದಲಿನ ಹೊಗೆಯಂತೆ ಖಚಿತವೆನ್ನಲಿಲ್ಲ. ಇಂತಹ ಸಂದೇಹ ಬಗೆಹರಿಯಲು ಎಷ್ಟು ಜನರಿಗೆ ಯಾವ ಕ್ಯಾನ್ಸರ್ ಬರುತ್ತಿದೆ ಎಂಬ ದಾಖಲೆ ಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಆ ನಗರದ ಕ್ಯಾನ್ಸರ್ ನೋಂದಣಿ ಆರಂಭವಾದದ್ದು 1982ರಲ್ಲಿ. ಹಳ್ಳಿಯ ಅಡುಗೆಮನೆಯಲ್ಲಿ ಒಲೆ ಊದಿದ ತಾಯಂದಿರ ಸಾವಿಗೂ ಅಂತಹ ಲೆಕ್ಕ ಬೇಕಾಗಿದೆ.