ಪಾಪ್ವಾ ಸೆವ್‌ಗೋಲಂ

ಸೆವ್‌ಶಂಕರ್ ಸೆವ್‌ಗೋಲಂ (ಮರಣ: 1978) ದಕ್ಷಿಣ ಆಫ್ರಿಕಾದ ಭಾರತೀಯ ಮೂಲದ ಗಾಲ್ಫ್ ಆಟಗಾರರು. ಪಾಪ್ವಾ ಎಂಬ ಅಡ್ಡಹೆಸರಿನಿಂದಲೇ ಇವರು ಪ್ರಸಿದ್ಧರು. ಮೂಲ ಹೆಸರು ಶಿವಶಂಕರ ಎಂಬುದರ ರೂಪಾಂತರ. ಶ್ರೀಮಂತರ ಆಟವೆಂದು ಹೆಸರಾದ ಗಾಲ್ಫನ್ನು ಕಡುಬಡತನದಲ್ಲಿ, ತರಬೇತಿಯೂ ಸಲಕರಣೆಯೂ ಇಲ್ಲದೆ ಕಲಿತ ಇವರು ಡಚ್ ಓಪನ್ ಪಂದ್ಯಾವಳಿಯನ್ನು ಮೂರು ಬಾರಿ (1959, 1960, 1964) ಗೆದ್ದರು. 1963ರಲ್ಲಿ ನೇಟಾಲ್ ಓಪನ್ ಗೆದ್ದಾಗ ನಡೆದ ಬಹುಮಾನ ವಿತರಣೆಯು ವರ್ಣಭೇದ ನೀತಿಯ ಕ್ರೌರ್ಯಕ್ಕೆ ಸಾಕ್ಷಿಯಾಗಿ ಜಗತ್ತಿನಾದ್ಯಂತ ಸುದ್ದಿಯಾಯಿತು.

ಬಾಲ್ಯ

ನೇಟಾಲ್ ಪ್ರಾಂತ್ಯದ ಕಬ್ಬಿನ ತೋಟಗಳಲ್ಲಿ ದುಡಿಯಲು 1860ರಿಂದ ಭಾರತದ ಕರಾರು ಕೂಲಿಗಳನ್ನು ಹಡಗುಗಳಲ್ಲಿ ಕರೆತರಲಾಗುತ್ತಿತ್ತು. ಹೀಗೆ ಬೆಳೆದ ಡರ್ಬಾನ್ ನಗರದ ಭಾರತೀಯ ಸಮುದಾಯದಲ್ಲಿ, 1930ರ ಆಸುಪಾಸಿನಲ್ಲಿ ಪಾಪ್ವಾ ಜನಿಸಿದರು. ಶಾಲಾ ಶಿಕ್ಷಣ ದೊರೆಯಲಿಲ್ಲ. ಓದು ಬರಹ ಅವರಿಗೆ ಕೊನೆಯವರೆಗೂ ಬರಲಿಲ್ಲ. ಮರದ ಕೊಂಬೆಯೊಂದನ್ನು ಕಡಿದು ಕೋಲು ಮಾಡಿಕೊಂಡು ಕಡಲತೀರದಲ್ಲಿ ಚೆಂಡು ಹೊಡೆಯುತ್ತಾ ಆಟ ಕಲಿತರು. ನಿಯಮದಂತೆ ಆಟಗಾರನೊಬ್ಬ 14 ಕೋಲುಗಳವರೆಗೆ ಒಯ್ಯಬಹುದು. ಪಾಪ್ವಾ ಕಲಿತದ್ದು ಒಂದೇ ಕೋಲಿನಲ್ಲಿ.

ಹುಡುಗನಾಗಿದ್ದಾಗಲೇ ಬೀಚ್‌ವುಡ್ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಸೇರಿದರು. ಮಡಿಕೇರಿ, ಬೆಂಗಳೂರುಗಳ ಗಾಲ್ಫ್ ಮೈದಾನಗಳನ್ನು ಕಂಡವರಿಗೆ ಕ್ಯಾಡಿ ಅಪರಿಚಿತನಲ್ಲ. ಆಟಗಾರನ ಕೋಲುಗಳ ಚೀಲ ಹೊರುವುದು, ಚೆಂಡು ಬಿದ್ದ ಜಾಗವನ್ನು ಗುರುತಿಸುವುದು, ನೆಲದ ಏರಿಳಿತವನ್ನು ಅಂದಾಜು ಮಾಡುವುದು ಅವನ ಕೆಲಸ. ಹಣ ಕೊಟ್ಟು ತರಬೇತಿ ಪಡೆಯಲಾಗದವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು. ಆದರೆ ಆ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಮೈದಾನದಲ್ಲಿ ಚೀಲ ಹೊರಬಹುದಿತ್ತೇ ಹೊರತು ಸದಸ್ಯನಾಗಿ ಆಡುವಂತಿರಲಿಲ್ಲ.

ಹಿಡಿತದ ವೈಶಿಷ್ಟ್ಯ

ಬಲಗೈ ಆಟಗಾರರು ಸಾಮಾನ್ಯವಾಗಿ ಕೋಲಿನ ತುದಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಅದರ ಕೆಳಗಿಡುತ್ತಾರೆ. ಪಾಪ್ವಾ ಅವರದು ಇದಕ್ಕೆ ವಿರುದ್ಧ. ಬಲಗೈ ಮೇಲೆ, ಎಡಗೈ ಕೆಳಗೆ. ಹೇಳಿಕೊಡುವವರಿಲ್ಲದೆ ಬಂದ ಈ ರೂಢಿಯನ್ನು ತಿದ್ದುವವರೂ ಇರಲಿಲ್ಲ. ಮುಂದೆ ಇದು ಸೆವ್‌ಗೋಲಂ ಹಿಡಿತವೆಂದೇ ಹೆಸರಾಯಿತು.

ಯುರೋಪಿನಲ್ಲಿ

ಬಿಳಿಯರಲ್ಲದವರಿಗೆ ಮೀಸಲಾದ ಪಂದ್ಯಗಳಲ್ಲಿ ಗೆದ್ದು ಹೆಸರು ಮಾಡಿದ್ದರೂ ವಿದೇಶ ಪ್ರಯಾಣದ ವೆಚ್ಚ ಅವರ ಶಕ್ತಿಗೆ ಮೀರಿದ್ದಾಗಿತ್ತು. ಆಯಿಲ್ ಆಫ್ ಓಲೇ ಎಂಬ ಮುಖಲೇಪನವನ್ನು ರೂಪಿಸಿದ ಡರ್ಬಾನಿನ ಉದ್ಯಮಿ ಗ್ರಹಾಂ ವುಲ್ಫ್ ನೆರವಿಗೆ ಬಂದರು. 1959ರಲ್ಲಿ ಅವರ ಪ್ರಾಯೋಜಕತ್ವದಲ್ಲಿ ಯುರೋಪಿಗೆ ಹೋದ ಪಾಪ್ವಾ ಅದೇ ವರ್ಷ ಡಚ್ ಓಪನ್ ಗೆದ್ದರು. ಮರುವರ್ಷವೂ ಪ್ರಶಸ್ತಿ ಅವರದೇ ಆಯಿತು.

ನೇಟಾಲ್ ಓಪನ್

1963ರ ನೇಟಾಲ್ ಓಪನ್‌ನಲ್ಲಿ ಬಿಳಿಯರೊಡನೆ ಆಡಲು ಅವರಿಗೆ ಅನುಮತಿ ದೊರೆಯಿತು. ಪಂದ್ಯ ನಡೆದದ್ದು ಡರ್ಬಾನ್ ಕಂಟ್ರಿ ಕ್ಲಬ್ಬಿನಲ್ಲಿ. ಪಾಪ್ವಾ ಗೆದ್ದರು. ಬಹುಮಾನದ ವೇಳೆಗೆ ಮಳೆ ಸುರಿಯುತ್ತಿತ್ತು. ಬಿಳಿಯರು ಕ್ಲಬ್ಬಿನ ಕಟ್ಟಡದೊಳಗೆ ಆಶ್ರಯ ಪಡೆದರು. ಬಿಳಿಯನಲ್ಲದ ವಿಜೇತನಿಗೆ ಅಲ್ಲಿ ಪ್ರವೇಶವಿಲ್ಲದ ಕಾರಣ ಅವರು ಹೊರಗೆ ಮಳೆಯಲ್ಲಿಯೇ ನಿಂತು ಪ್ರಶಸ್ತಿ ಸ್ವೀಕರಿಸಬೇಕಾಯಿತು. ಪರಿಚಾರಕರಾಗಿ ಭಾರತೀಯರು ಅಂಥ ಕಟ್ಟಡಗಳೊಳಗೆ ಓಡಾಡುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಈ ದೃಶ್ಯದ ಛಾಯಾಚಿತ್ರ ಹಲವು ದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾಗಿ, ದಕ್ಷಿಣ ಆಫ್ರಿಕಾದ ವಿರುದ್ಧ ರೂಪುಗೊಳ್ಳುತ್ತಿದ್ದ ಕ್ರೀಡಾ ಬಹಿಷ್ಕಾರದ ಚಳವಳಿಗೆ ಬಲ ನೀಡಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಿಂದ ಆ ದೇಶವನ್ನು ಹೊರಗಿಡಲಾಯಿತು.

1965ರಲ್ಲಿ ಪಾಪ್ವಾ ಮತ್ತೊಮ್ಮೆ ನೇಟಾಲ್ ಓಪನ್ ಗೆದ್ದರು. ಈ ಬಾರಿ ಸೋತವರಲ್ಲಿ ಬ್ರಿಟಿಷ್ ಓಪನ್ (1959) ಮತ್ತು ಮಾಸ್ಟರ್ಸ್ (1961) ವಿಜೇತ ಗ್ಯಾರಿ ಪ್ಲೇಯರ್ ಇದ್ದರು. ಆಟದ ದೃಷ್ಟಿಯಿಂದ ಇದೇ ಅವರ ಬಾಳಿನ ಅತಿ ದೊಡ್ಡ ಗೆಲುವು. ಮಳೆಯ ಪ್ರಸಂಗದ ನೆರಳಿನಲ್ಲಿ ಇದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ನಿಷೇಧ ಮತ್ತು ಕೊನೆಯ ದಿನಗಳು

ಈ ಗೆಲುವಿನ ಬಳಿಕ ಸರ್ಕಾರ ಅವರಿಗೆ ಬಿಳಿಯರ ಪಂದ್ಯಗಳಲ್ಲಿ ಆಡಲು ಅನುಮತಿ ನೀಡುವುದನ್ನು ನಿಲ್ಲಿಸಿತು. ಪ್ರೇಕ್ಷಕನಾಗಿ ಮೈದಾನಕ್ಕೆ ಹೋಗುವುದಕ್ಕೂ ಅಡ್ಡಿಯಾಯಿತು. ಪಾಸ್‌ಪೋರ್ಟನ್ನೂ ಹಿಂತೆಗೆದುಕೊಂಡಿದ್ದರಿಂದ ವಿದೇಶದಲ್ಲಿ ಆಡುವ ದಾರಿ ಮುಚ್ಚಿತು. ಆಟವೇ ಜೀವನೋಪಾಯವಾಗಿದ್ದವರಿಗೆ ಇದು ಅನ್ನ ಕಸಿದಂತೆ. ಪಾಪ್ವಾ ಬಡತನದಲ್ಲಿಯೇ 1978ರಲ್ಲಿ ಹೃದಯಾಘಾತದಿಂದ ನಿಧನರಾದರು.

ಡರ್ಬಾನಿನ ನಗರಸಭೆಗೆ ಸೇರಿದ ಗಾಲ್ಫ್ ಮೈದಾನವೊಂದಕ್ಕೆ ಅವರ ಹೆಸರಿಡಲಾಗಿದೆ. ನ್ಯಾಯಾಧೀಶ ಕ್ರಿಸ್ಟೊಫರ್ ನಿಕೋಲ್ಸನ್ ಬರೆದ ಅವರ ಜೀವನಚರಿತ್ರೆ 2005ರಲ್ಲಿ ಪ್ರಕಟವಾಯಿತು.